ಗಾಳೆಮ್ಮನ ವರ್ಷದ ಸೀರೆ

ಮರಳಿ
೧೨-೫-೨೦೨೫

ಅಕ್ಕನಿಗೆ ತಿರುಮಲೇಶನ ನಮಸ್ಕಾರ.

ಇವನೇಕೆ ಕಾಗದ ಬರೆದ ಅಂತ ನಗಬೇಡ. ಅವ್ವನ ಹನ್ನೊಂದನೇ ದಿನ ನಾವು ಜಗಳಾಡಿದ ಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಎರಡು ಸಲವೂ ನಾನೇ ಕಟ್ ಮಾಡಿದೆ. ಆ ಜಗಳ ಯಾಕೆ ಎದ್ದಿತು ಅನ್ನುವುದು ನನಗೆ ಈಗಲೂ ತಿಳಿದಿಲ್ಲ. ನಮ್ಮಿಬ್ಬರ ಕಾಟ ತಾಳದೆ ಅಪ್ಪ ಮೊನ್ನೆ, "ನಿಮಗಿಬ್ಬರಿಗೂ ಬಾಯಿ ಭಾಳ. ಬರದು ಕಳಸ್ರಿ, ಬರಿಯೂದ್ರಾಗ ಸಿಟ್ಟು ಇಳಿತೈತಿ" ಅಂದ. ಅದಕ್ಕೆ ಹಿಂದಿನ ಓಣಿಯ ಸಹನಾಳ ಹತ್ತಿರ ಪೆನ್ನು ಇಸಿದುಕೊಂಡು ಕೂತಿದ್ದೇನೆ.

ಅವ್ವನ ವರ್ಷದ ಕಾರ್ಯ ಜುಲೈ ೨೭, ಭಾನುವಾರ ಬಂದಿದೆ. ನಿನ್ನಿಂದ ಎರಡು ಕೆಲಸ ಆಗಬೇಕು.

ಒಂದು, ಅಂಗನವಾಡಿಗೆ ಹೊಸ ಕೋಣೆ ಕಟ್ಟಿದ್ದಾರೆ. ಅದಕ್ಕೆ ಗಾಳೆಮ್ಮ ಅಂತ ಅವ್ವನ ಹೆಸರಿಡಬೇಕೆಂದು ಪಂಚಾಯಿತಿಯವರು ಒಪ್ಪಿದ್ದಾರೆ. ಗೋಡೆಗೆ ಕಲ್ಲು ಹಚ್ಚುತ್ತಾರೆ. ನಾಲ್ಕು ಸಾಲು ಬರೆದುಕೊಡು ಅಂದರು. ಕುಷ್ಟಗಿಯಲ್ಲಿ ಕನ್ನಡ ಕಲಿಸುವ ಅಕ್ಕ ಇರುವಾಗ ನಾನು ಬರೆದರೆ ಚೆನ್ನಾಗಿರುವುದಿಲ್ಲ.

ಎರಡು, ಸೀರೆ. ಮುತ್ತೈದೆಯಾಗಿ ತೀರಿಕೊಂಡವಳ ಸೀರೆಯನ್ನು ವರ್ಷದ ದಿನ ಒಬ್ಬ ಮುತ್ತೈದೆಗೆ ಉಡಿಸಿ, ಉಡಿ ತುಂಬಿ, ಮೊದಲ ಎಡೆ ಆಕೆಯ ಮುಂದೆ ಇಡುವುದು ನಮ್ಮ ಮನೆಯ ರೂಢಿ. ಮಗಳು ಹೇಳಿದವರಿಗೇ ಉಡಿಸಬೇಕು. ಶ್ರೀರಾಮನಗರದ ಅತ್ತೆ ಈಗಾಗಲೇ ತನ್ನದೇ ಪಾಳಿ ಅಂದುಕೊಂಡಿದ್ದಾಳೆ. ನೀನು ಹೂಂ ಅಂದರೆ ಮುಗಿಯಿತು. ಅವ್ವನ ಆ ಹಸಿರು ಇಳಕಲ್ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ.

ಊರಿನವರು ಈಗಲೂ ಅವ್ವನ ಮಾತು ಆಡದ ದಿನವಿಲ್ಲ. ಕೇಳುವಾಗ ಖುಷಿಯಾಗುತ್ತದೆ, ಆಮೇಲೆ ಎದ್ದು ಹೋಗಬೇಕು ಅನ್ನಿಸುತ್ತದೆ. ಯಾಕೋ ಗೊತ್ತಿಲ್ಲ.

ಭಾವನಿಗೆ ಕೇಳಿದೆನೆಂದು ಹೇಳು.

ನಿನ್ನ ತಮ್ಮ
ತಿರುಮಲೇಶ


ಕುಷ್ಟಗಿ
೨೦-೫-೨೦೨೫

ತಿರುಮಲೇಶ,

ಕಾಗದ ಮುಟ್ಟಿತು. ಅಕ್ಷರ ಇನ್ನೂ ಐದನೇ ತರಗತಿಯಲ್ಲೇ ನಿಂತಿದೆ, ಇರಲಿ.

ಆ ನಾಲ್ಕು ಸಾಲು ಬರೆಯಲು ಕೂತೆ. ಮೊದಲು ನೆನಪಾದದ್ದು ಪಂಚಾಯಿತಿ ಕಚೇರಿ. ಅಂಗನವಾಡಿ ಮಂಜೂರಾಗುವ ತನಕ ಏಳುವುದಿಲ್ಲ ಅಂತ ಮೂರು ದಿನ ಅವರ ಬಾಗಿಲಲ್ಲಿ ಕೂತಿದ್ದಳಲ್ಲ, ಸುಮ್ಮನೆ ಕೂರಲಾರದೆ ಒಂದು ಚೀಲ ಶೇಂಗಾ ತಂದು ಸುಲಿದಳು. ಮೂರನೇ ದಿನ ಕಾರ್ಯದರ್ಶಿಯೂ ಪಕ್ಕದಲ್ಲಿ ಕೂತು ಸುಲಿಯುತ್ತಿದ್ದ. ಆಮೇಲೆ ನಾಟಿ ನೆನಪಾಯಿತು. ಬಸುರಿ ಹೆಣ್ಣುಮಗಳನ್ನು ಕೆಸರಿಗೆ ಇಳಿಸುತ್ತಿರಲಿಲ್ಲ, ಬದುವಿನ ಮೇಲೆ ಸಸಿ ಕಟ್ಟು ಕೊಡುತ್ತ ನಿಲ್ಲು ಅನ್ನುತ್ತಿದ್ದಳು, ಕೂಲಿ ಮಾತ್ರ ಎಲ್ಲರ ಸಮ. ಹೊಲದ ಮಾಲೀಕರು ಗೊಣಗಿದರೆ, "ಹಂಗಾದ್ರ ನೀವ ಇಳೀರಿ ಸಾಹೇಬ್ರ, ಸೀರಿ ನಾ ಕೊಡ್ತೀನಿ" ಅಂತಿದ್ದಳು. ರೊಟ್ಟಿ ತರದೆ ಬಂದವರಿಗೆ ಅಂತ ದಿನಾ ನಾಲ್ಕು ರೊಟ್ಟಿ ಹೆಚ್ಚು ಕಟ್ಟಿಕೊಂಡು ಹೋಗುತ್ತಿದ್ದಳು. ಹೆರಿಗೆ ನೋವು ತಿನ್ನುತ್ತಿದ್ದ ಹುಡುಗಿಯನ್ನು ಟ್ರಾಲಿಯಲ್ಲಿ ಮಲಗಿಸಿ, ಗಂಗಾವತಿ ದವಾಖಾನೆ ಮುಟ್ಟುವವರೆಗೆ ತನ್ನ ಸೆರಗನ್ನು ಪರದೆಯಂತೆ ಹಿಡಿದು ನಿಂತವಳು. ಇದೆಲ್ಲಾ ನಾಲ್ಕು ಸಾಲಿನಲ್ಲಿ ಹಿಡಿಯುವುದಿಲ್ಲ. ಹಿಡಿದರೂ ಕಲ್ಲಿನ ಮೇಲೆ ಹಾಕಲು ನನಗೆ ಸದ್ಯಕ್ಕೆ ಮನಸ್ಸಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಸೀರೆಯ ಮಾತಿಗೆ ಬರುತ್ತೇನೆ. ಕೊಪ್ಪಳದ ಆಸ್ಪತ್ರೆಯಲ್ಲಿ ಕೊನೆಯ ಒಂಬತ್ತು ದಿನ ಅವ್ವನ ಹತ್ತಿರ ಇದ್ದವಳು ನಾನು. ಯಾರಿಗೆ ಉಡಿಸಬೇಕು ಅಂತ ಅವಳೇ ಹೇಳಿ ಹೋಗಿದ್ದಾಳೆ, ಒಂದು ಸಲ ಅಲ್ಲ, ಎರಡು ಸಲ. "ವರ್ಷದ ಸೀರಿ ಶಂಕ್ರಿಗೆ ಉಡಸ್ರಿ. ಮೊದಲ ಎಡಿ ಆಕೀದು." ಶಂಕ್ರಿ ಅಂದರೆ ಯಾರೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಿಂದಿನ ಓಣಿಯ ಶಂಕ್ರಮ್ಮ, ಅವ್ವನ ನಾಟಿ ಗುಂಪಿನವಳು, ತೀರಿಹೋದ ವಿರುಪಣ್ಣನ ಹೆಂಡತಿ. ನಿನಗೆ ಪೆನ್ನು ಕೊಟ್ಟ ಸಹನಾಳ ತಾಯಿ.

ಅತ್ತೆಗೆ ಬೇರೆ ಸೀರೆ ನಾನೇ ತರುತ್ತೇನೆ.

ನಿನ್ನ ಅಕ್ಕ
ಅಂಜಲಿ


ಮರಳಿ
೨-೬-೨೦೨೫

ಅಕ್ಕ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಸೀರೆಯ ಮಾತು ಬಂದಾಗ ಅಪ್ಪ ಎದ್ದು ದನಗಳ ಹತ್ತಿರ ಹೋದ. ಉಣ್ಣಲೂ ಬರಲಿಲ್ಲ.

ನೀನು ಓದಿದವಳು, ನಿನಗೆ ಇದೆಲ್ಲಾ ಸಣ್ಣದು. ಇಲ್ಲಿ ಇರುವವರು ನಾವು. ಗಂಡ ಸತ್ತವಳಿಗೆ ಮುತ್ತೈದೆಯ ಸೀರೆ ಉಡಿಸಿ, ಉಡಿ ತುಂಬಿ, ಮೊದಲ ಎಡೆಗೆ ಕೂರಿಸಿದ್ದನ್ನು ಈ ಊರಿನಲ್ಲಿ ಎಲ್ಲಾದರೂ ಕಂಡಿದ್ದೀಯಾ? ಅತ್ತೆ ಅನ್ನ ಬಿಟ್ಟು ಎದ್ದು ಹೋಗುತ್ತಾಳೆ. ಅವಳ ಹಿಂದೆ ಅರ್ಧ ಊರು ಏಳುತ್ತದೆ. ಅವ್ವನ ಕಾರ್ಯ ಕೆಟ್ಟುಹೋದರೆ ನಿನಗೆ ಸಮಾಧಾನವೇ?

ಶಂಕ್ರಮ್ಮನಿಗೆ ಅವ್ವ ಕಡಿಮೆ ಮಾಡಿಲ್ಲ. ಆರು ವರ್ಷವಾಯಿತು, ಅವರ ಮನೆಗೆ ಅಕ್ಕಿ ನಮ್ಮ ಮನೆಯಿಂದ. ಸಹನಾಳ ಕಾಲೇಜು ಅವ್ವ ನೋಡಿಕೊಂಡಳು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಇಷ್ಟು ಸಾಲದೇ? ಕುಡಿದು ಗಾಡಿ ಹೊಡೆದು, ಒಂಬತ್ತು ಹೆಣ್ಣುಮಕ್ಕಳನ್ನು ಕಾಲುವೆಗೆ ಹಾಕಲು ಹೊರಟಿದ್ದವನ ಹೆಂಡತಿಗೆ ಬೇರೆ ಯಾರು ಇಷ್ಟು ಮಾಡುತ್ತಿದ್ದರು? ಅವತ್ತು ಆ ಟ್ರಾಲಿಯಲ್ಲಿ ಅವ್ವನೂ ಇದ್ದಳು ಅನ್ನುವುದನ್ನು ಮರೆಯಬೇಡ.

ಕೊನೆಗಾಲದಲ್ಲಿ ಅವ್ವನಿಗೆ ಜ್ವರ ಏರಿತ್ತು. ಏನೇನೋ ಮಾತಾಡಿರುತ್ತಾಳೆ. ಅದನ್ನೆಲ್ಲಾ ಹಿಡಿದುಕೊಂಡು ಕೂರಬೇಡ. ಅತ್ತೆಗೆ ಹೂಂ ಅಂತ ಬರೆದು ಕಳಿಸು. ಕಲ್ಲಿನವನು ದಿನಾ ಫೋನ್ ಮಾಡುತ್ತಿದ್ದಾನೆ.

ತಿರುಮಲೇಶ


ಕುಷ್ಟಗಿ
೯-೬-೨೦೨೫

ತಿರುಮಲೇಶ,

ಈ ಕಾಗದವನ್ನು ಅಪ್ಪನಿಗೆ ಓದಬೇಡ. ಒಬ್ಬನೇ ಕೂತು ಓದು.

"ಕುಡಿದು ಗಾಡಿ ಹೊಡೆದು" ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ನೀನು ಹೇಗೆ ಬರೆದೆ? ನನ್ನ ಸಿಟ್ಟು ಇಳಿಯಲಿ ಅಂತ ಮೂರು ದಿನ ಕಾದೆ. ಇಳಿಯಲಿಲ್ಲ. ಬೇರೆ ಯಾರು ಬರೆದಿದ್ದರೂ ಗೊತ್ತಿಲ್ಲದೆ ಬರೆದಿದ್ದಾರೆ ಅನ್ನುತ್ತಿದ್ದೆ.

ಅವ್ವ ನನಗೆ ಎಲ್ಲಾ ಹೇಳಿದ್ದಾಳೆ. ಜ್ವರದಲ್ಲಿ ಅಲ್ಲ, ಬೆಳಿಗ್ಗೆ ಚಹಾ ಕುಡಿದು, ನನ್ನ ಕೈಯಿಂದ ತಲೆ ಬಾಚಿಸಿಕೊಳ್ಳುತ್ತ ಹೇಳಿದಳು.

೨೦೧೯ರ ನಾಟಿ. ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಪಿನ್ನು ಕಳೆದಿತ್ತು. ಹೊಸದು ತರಲು ಗಂಗಾವತಿಯ ಮುಜೀಬನ ಅಂಗಡಿಗೆ ಹೋಗುವ ಬದಲು ನೀನು ಹಿಂದಿನ ಸಂಜೆ ಮುರಿದ ಹಾರೆಯ ತುಂಡೊಂದನ್ನು ಅದರ ತೂತಿಗೆ ಇಳಿಸಿದೆ. ಬೆಳಿಗ್ಗೆ ಟ್ರ್ಯಾಕ್ಟರ್ ಹೊಡೆಯಬೇಕಾದವನು ನೀನು. ಜ್ವರ ಅಂತ ಹೊದ್ದು ಮಲಗಿದೆ. ಅವ್ವ ಹೋಗಿ ವಿರುಪಣ್ಣನನ್ನು ಕರೆತಂದಳು. ಪಿನ್ನಿನ ಬದಲು ಹಾರೆ ತುಂಡು ಇದೆ ಅಂತ ನೀನು ಅವನಿಗೆ ಹೇಳಲಿಲ್ಲ. ಕಾಲುವೆಯ ಏರಿ ಹತ್ತುವಾಗ ತುಂಡು ಹಾರಿ ಬಿತ್ತು. ಟ್ರಾಲಿ ಹಿಂದಕ್ಕೆ, ನೀರಿನ ಕಡೆ ಉರುಳಿತು. ವಿರುಪಣ್ಣ ಜಿಗಿದು ಗಾಲಿಗೆ ಕಲ್ಲು ಕೊಟ್ಟ. ಕಲ್ಲು ಜಾರಿದಾಗ ಹೆಗಲು ಕೊಟ್ಟ. ಒಂಬತ್ತು ಜನ ಆ ಕಡೆಯಿಂದ ಇಳಿದರು. ಅವನು ಗಾಲಿಯ ಕೆಳಗೆ ಹೋದ.

ಹಾರೆಯ ತುಂಡು ಏರಿಯ ಮೇಲೆ ಬಿದ್ದಿತ್ತು. ನಮ್ಮ ಮನೆಯದು ಅಂತ ಅವ್ವ ನೋಡಿದ ಕೂಡಲೇ ಗುರುತಿಸಿದಳು. ಉಳಿದವರು ಗಾಲಿಯ ಹತ್ತಿರ ಇರುವಾಗ, ಊರ ಜನ ಬರುವ ಮುಂಚೆ ಎತ್ತಿ ಕಾಲುವೆಗೆ ಎಸೆದಳು. ಪೊಲೀಸರು ಬಂದು ನೋಡಿದರೆ ಪಿನ್ನೂ ಇಲ್ಲ, ಪಿನ್ನಿನ ಬದಲಿಗೆ ಏನೂ ಇಲ್ಲ. ಪಿನ್ನು ಹಾಕದೆ ಗಾಡಿ ಹೊರಡಿಸಿದ್ದಾನೆ ಅಂದರೆ ಕುಡಿದಿದ್ದಾನೆ ಅಂತ ಯಾರೋ ಅಂದರು. ಮೊದಲು ಕುಡಿಯುತ್ತಿದ್ದವನು ತಾನೇ, ಎಲ್ಲರೂ ನಂಬಿದರು. ಅದಕ್ಕೂ ಎರಡು ವರ್ಷ ಮೊದಲೇ ಅವನಿಂದ ಕುಡಿತ ಬಿಡಿಸಿದವಳು ನಮ್ಮ ಅವ್ವ. ಅವತ್ತು ಅವನು ಅವ್ವನ ಕೈಯ ಚಹಾ ಕುಡಿದು ಹೊರಟಿದ್ದ ಅನ್ನುವುದು ಅವಳಿಗೆ ಗೊತ್ತಿತ್ತು. ಸುಮ್ಮನಿದ್ದಳು. "ನನ್ನ ಮಗನ್ನ ಉಳಸ್ಕೊಂಡೆ, ಸತ್ತಾಂವನ ಹೆಸರು ತಿಂದೆ" ಅಂತ ನನ್ನ ಮುಂದೆ ಅತ್ತಳು. ಅವ್ವ ಅಳುವುದನ್ನು ನಾನು ಅದೊಂದೇ ಸಲ ಕಂಡದ್ದು.

ಹನ್ನೊಂದನೇ ದಿನ "ನಿನಗೆ ಏನಾದರೂ ಹೇಳುವುದಿದೆಯಾ" ಅಂತ ನಾನು ನಿನ್ನನ್ನು ಕೇಳಿದೆ. ನೀನು ಪಾತ್ರೆ ಎಸೆದೆ.

ಶಂಕ್ರಮ್ಮನಿಗೆ ಏನೂ ಗೊತ್ತಿಲ್ಲ. ಗಂಡ ಕುಡಿದೇ ಸತ್ತ ಅಂತ ಅವಳೂ ನಂಬಿದ್ದಾಳೆ. ವರ್ಷದ ದಿನದೊಳಗೆ ನೀನು ಹೇಳು. ನೀನು ಹೇಳದಿದ್ದರೆ ನಾನು ಬಂದು ಪಂಗತಿಯಲ್ಲಿ ನಿಂತು ಹೇಳುತ್ತೇನೆ. ಅವ್ವನ ಹೆಸರು ಹಾಳಾಗುತ್ತದೆ ಅನ್ನಬೇಡ. ಅವ್ವನೇ ಅದಕ್ಕೆ ತಯಾರಾಗಿ ಹೋಗಿದ್ದಾಳೆ.

ಅಂಜಲಿ


ಮರಳಿ
೫-೭-೨೦೨೫

ಮಗಳು ಅಂಜಲಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ತಿರುಮಲೇಶ ನನಗ ಓದಿ ಹೇಳಿಲ್ಲ. ಅಂಗಿ ಒಗಿಯಾಕ ಹಾಕಿದಾಗ ಕಿಸೇದಾಗ ಇತ್ತು, ನಾನ ಓದೀನಿ. ಮೂರು ವಾರ ಆತು, ಅಂವ ಸರಿಯಾಗಿ ಉಂಡಿಲ್ಲ. ಗದ್ದಿಗೆ ಹೋಗ್ತಾನ, ಬದುವಿನ ಮ್ಯಾಲ ಕುಂತು ಬರ್ತಾನ.

ನೀ ಬರದದ್ದು ಖರೇ ಐತಿ. ಅವತ್ತು ನಿಮ್ಮವ್ವ ಮನಿಗೆ ಬಂದು ಕೈ ತೊಳದಾಗ ನೀರಿನಾಗ ಗ್ರೀಸು ಇತ್ತು. ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ. ಆಕಿ ಜೋಡಿ ನಲವತ್ತು ವರ್ಷ ಬಾಳ್ವಿ ಮಾಡೀನಿ. ಅದರಾಗ ಕಡೀ ಐದು ವರ್ಷ ನಾವು ಒಬ್ಬರ ಮುಖ ಒಬ್ಬರು ನೋಡಿ ಉಂಡಿಲ್ಲ.

ಊರಾಗ ನಿಮ್ಮವ್ವಗ ದೇವರಂಗ ಕಾಣ್ತಾರ. ನಾ ಇನ್ನ ಎಷ್ಟು ದಿನ ಇರ್ತೀನಿ? ನಾ ಹೋದ ಮ್ಯಾಲ ಹೇಳ್ರಿ. ಪಂಗತಿಯೊಳಗ ನಿಂತು ಹೇಳಾಕ ಬರೂದಾದ್ರ ನೀ ಕಾರ್ಯಕ್ಕ ಬರಬ್ಯಾಡ. ಮಗಳಿಗೆ ಬರಬ್ಯಾಡ ಅಂತ ಬರಿಯೂ ಹಂಗ ಆತು, ನನಗೂ ಸಂಕಟ ಐತಿ.

ಹುಚ್ಚೀರಪ್ಪ


ಕುಷ್ಟಗಿ
೧೪-೭-೨೦೨೫

ತಿರುಮಲೇಶ,

ಅಪ್ಪನ ಕಾಗದ ಬಂತು. ನಾನು ಬರುವುದಿಲ್ಲ. ಹೆದರಿ ಅಲ್ಲ, ಅಪ್ಪನ ಮೇಲಿನ ಸಿಟ್ಟಿನಿಂದಲೂ ಅಲ್ಲ. ನಾನು ಹೇಳಿದರೆ ಅಕ್ಕ ತಮ್ಮನ ಜಗಳ ಅಂತ ಜನ ಬಾಯಿ ಒರೆಸಿಕೊಂಡು ಹೋಗುತ್ತಾರೆ. ಅವತ್ತು ಗಾಡಿ ಹೊಡೆಯಬೇಕಾದವನು ನೀನು, ಆ ತುಂಡನ್ನು ಇಳಿಸಿದ ಕೈ ನಿನ್ನದು.

ಹಾಗಾಗಿ ಪಂಗತಿಯಲ್ಲಿ ನಿಂತು ಹೇಳುತ್ತೇನೆ ಅಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹೇಳುವುದು, ಬಿಡುವುದು ಇನ್ನು ನಿನ್ನದು. ಮಗಳು ಹೇಳಿದವರಿಗೇ ಸೀರೆ ಅನ್ನುವ ರೂಢಿ ಮಾತ್ರ ಇನ್ನೂ ಇದೆ. ನಾನು ಹೇಳಿದ್ದು ಶಂಕ್ರಮ್ಮನ ಹೆಸರು. ಅದು ಬದಲಾಗುವುದಿಲ್ಲ.

ಉಣ್ಣುವುದನ್ನು ಬಿಡಬೇಡ.

ಅಕ್ಕ


ಮರಳಿ
೨೯-೭-೨೦೨೫

ಅಕ್ಕ,

ಮೊನ್ನೆಯದನ್ನು ಬೇರೆಯವರ ಬಾಯಿಂದ ನೀನು ಈಗಾಗಲೇ ಕೇಳಿರುತ್ತೀಯ. ನನ್ನಿಂದಲೂ ಕೇಳು.

ಹಿಂದಿನ ದಿನ ಶಂಕ್ರಮ್ಮನ ಮನೆಗೆ ಹೋಗಿದ್ದೆ. ಒಬ್ಬಳೇ ಇರುವಾಗ ಹೇಳಿಬಿಡೋಣ ಅಂತ. ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು, ನಮ್ಮ ಮನೆಯ ಅಕ್ಕಿ. ಚಹಾ ಕೊಟ್ಟಳು. "ಸೊರಗೀ ನೋಡು, ಅವ್ವನ ಚಿಂತಿ ಮಾಡಬ್ಯಾಡ" ಅಂದಳು. ಚಹಾ ಕುಡಿದು ಬಂದೆ.

ಕಾರ್ಯದ ದಿನ ಮುತ್ತೈದೆಯರಿಗೆ ಐದು ಎಲೆ ಹಾಕಿದ್ದೆವು. ಅತ್ತೆ ತಾನಾಗಿಯೇ ಬಂದು ಮೊದಲ ಎಲೆಗೆ ಕೂತಳು. ಶಂಕ್ರಮ್ಮ ಹಿಂದೆ, ನೀರಿನ ಹಂಡೆಯ ಹತ್ತಿರ ನಿಂತು ಲೋಟ ತೊಳೆಯುತ್ತಿದ್ದಳು. ಇಂಥ ಕಾರ್ಯಗಳಲ್ಲಿ ಆರು ವರ್ಷದಿಂದ ಅವಳು ಅಲ್ಲೇ ನಿಲ್ಲುತ್ತಾಳೆ. ನಾನು ಸೀರೆಯ ತಾಟು ಹಿಡಿದುಕೊಂಡು ಅವಳ ಹತ್ತಿರ ಹೋದೆ. ಜನ ಗುಜುಗುಜು ಅಂದರು. ಶಂಕ್ರಮ್ಮ ಹೆದರಿ ಎರಡು ಹೆಜ್ಜೆ ಹಿಂದೆ ಸರಿದು, "ನನಗ ಬ್ಯಾಡಪ್ಪಾ, ಇದೇನು ಮಾಡಾಕತ್ತೀ" ಅಂದಳು. ಆಗ ಅಪ್ಪ ನನ್ನನ್ನು ನೋಡಿದ. ಬೇಡ ಅಂತ ತಲೆ ಆಡಿಸಿದ. ಅಪ್ಪನ ಮುಖ ನೋಡಿದರೆ ಹೇಳುವುದು ಆಗುವುದಿಲ್ಲ ಅಂತ ಗೋಡೆಯ ಕಡೆ ತಿರುಗಿ ನಿಂತೆ. ಗೋಡೆಗೇ ಹೇಳಿದೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದೆ. ಹಾರೆಯ ತುಂಡು, ಮುಜೀಬನ ಅಂಗಡಿಗೆ ಹೋಗದೇ ಇದ್ದದ್ದು, ಇಲ್ಲದ ಜ್ವರ, ಎಲ್ಲಾ. ಅವ್ವ ಅದನ್ನು ಕಾಲುವೆಗೆ ಎಸೆದದ್ದನ್ನೂ ಹೇಳಿದೆ. ಅದೊಂದನ್ನು ಬಿಡಬೇಕು ಅಂತ ಮನಸ್ಸು ಹಿಂದೆ ಎಳೆಯಿತು, ಬಿಡಲಿಲ್ಲ.

ಹೇಳಿ ತಿರುಗಿದಾಗ ಶಂಕ್ರಮ್ಮ ಕೇಳಿದಳು.

"ಅಂವ ಕುಡದಿದ್ದಿಲ್ಲೇನು?"

"ಇಲ್ಲ."

"ನಿಮ್ಮವ್ವಗ ಗೊತ್ತಿತ್ತೇನು?"

"ಗೊತ್ತಿತ್ತು."

ತೊಳೆದ ಲೋಟಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು, ಸಹನಾಳ ಕೈ ಹಿಡಿದು ಹೊರಟುಹೋದಳು. ಸೀರೆ ಮುಟ್ಟಲಿಲ್ಲ. ನನಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಅತ್ತೆ ಎದ್ದಳು. ಅವಳ ಹಿಂದೆ ಬಹಳ ಜನ ಎದ್ದರು. ಅವತ್ತು ಟ್ರಾಲಿಯಲ್ಲಿದ್ದ ಒಂಬತ್ತು ಜನರಲ್ಲಿ ಈಗ ಇರುವ ಎಂಟು ಮಂದಿ ಊಟಕ್ಕೂ ಕೂರದೆ, ಮನೆಗೂ ಹೋಗದೆ ಅಂಗಳದಲ್ಲಿ ಕೂತಿದ್ದರು. ಅವರಲ್ಲಿ ಹಿರಿಯಳು, "ನಮ್ಮನ್ನ ಉಳಿಸಿದಾಂವಗ ನಾವೂ ಕುಡುಕ ಅಂದ್ವಿ" ಅಂತ ಹೇಳಿ ಎದ್ದು ಶಂಕ್ರಮ್ಮನ ಮನೆಯ ಕಡೆ ಹೋದಳು. ಉಳಿದವರೂ ಹೋದರು. ಅಡುಗೆಯೆಲ್ಲಾ ಹಾಗೇ ಉಳಿಯಿತು.

ಕಲ್ಲಿನ ಕೆಲಸ ಸದ್ಯಕ್ಕೆ ಬೇಡ ಅಂತ ಪಂಚಾಯಿತಿಯವರು ಹೇಳಿ ಕಳಿಸಿದ್ದಾರೆ. ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದಾನೆ, ಆದರೆ ನಿನ್ನೆ ನನ್ನ ತಾಟಿಗೆ ರೊಟ್ಟಿ ಹಾಕಿದ. ನಾಳೆ ಗಂಗಾವತಿಗೆ ಹೋಗಿ ಪೊಲೀಸರ ಮುಂದೆಯೂ ಹೇಳಿಕೆ ಕೊಡುತ್ತೇನೆ. ಏನಾಗುತ್ತದೋ ಗೊತ್ತಿಲ್ಲ. ಹೆದರಿಕೆ ಇದೆ.

ಐದು ವರ್ಷ ಅವ್ವ ನನಗೆ ಆ ಬಗ್ಗೆ ಒಂದು ಮಾತು ಆಡಲಿಲ್ಲ, ಅಕ್ಕ. ಬೈಯಲಿಲ್ಲ ಕೂಡ. ಬೈದಿದ್ದರೆ ನಾನು ಆವಾಗಲೇ ಹೇಳಿಬಿಡುತ್ತಿದ್ದೆನೋ ಏನೋ.

ತಿರುಮಲೇಶ


ಮರಳಿ
೨೦-೮-೨೦೨೫

ಅಂಜಲಿ ಅಕ್ಕನವರಿಗೆ ಸಹನಾ ಮಾಡುವ ನಮಸ್ಕಾರಗಳು. ಮುಂದಿನದೆಲ್ಲಾ ಅವ್ವ ಹೇಳಿದ್ದು. ತಿದ್ದಬೇಡ ಅಂದಿದ್ದಾಳೆ, ಹೇಳಿದಂತೆಯೇ ಬರೆದಿದ್ದೇನೆ.

ಅಂಜಲವ್ವಾ, ನೀ ಕಳಿಸಿದ ಎರಡೂ ಕಾಗದ ಮುಟ್ಟ್ಯಾವ. ತಪ್ಪಾತು ಅಂತ ಬರದೀ. ಕೊಪ್ಪಳದ ದವಾಖಾನ್ಯಾಗ ನಿನಗ ತಿಳಿದು ಒಂದು ವರ್ಷ ಆಗಿತ್ತು. ಒಂದು ವರ್ಷ ನೀನೂ ಬಾಯಿ ಮುಚ್ಚಿದ್ದಿ. ನಿಮ್ಮ ಮನ್ಯಾಗ ಎಲ್ಲಾರಿಗೂ ಇದು ಛಲೋ ಬರ್ತೈತಿ. ಸಿಟ್ಟು ಮಾಡ್ಕೊಬ್ಯಾಡ, ನಾ ಈಗ ಯಾರಿಗೂ ಕಾಯ್ದು ಮಾತಾಡಂಗಿಲ್ಲ.

ನಿನ್ನ ತಮ್ಮ ದಿನಾ ಬಂದು ಬಾಗಲದಾಗ ನಿಂತು ಹೋಗ್ತಾನ. ಒಳಗ ಬಾ ಅಂದಿಲ್ಲ. ಪೊಲೀಸರು ಬಂದು ನನ್ನ ಹೇಳಿಕಿ ತಗೊಂಡು ಹೋಗ್ಯಾರ. ನಿಮ್ಮ ಮನಿ ಅಕ್ಕಿ ಬ್ಯಾಡ ಅಂತ ಹೊಳ್ಳಿಸಿ ಕಳಿಸೀನಿ. ಸಹನಾನ ಕಾಲೇಜಿನ ಮಾತು ಆಕಿಗೇ ಬಿಟ್ಟೀನಿ, ಆಕಿ ಶಾಣೇಕಿ ಅದಾಳ.

ಆರು ವರ್ಷ ನಾ ಸತ್ತ ಗಂಡಗ ಬೈದೆ. ದೀಪ ಹಚ್ಚುಮುಂದ ಬೈದೆ, ರೊಟ್ಟಿ ಬಡಿಯುಮುಂದ ಬೈದೆ. ನನ್ನ ಮುಂದ ಆಣಿ ಮಾಡಿ ಮತ್ತ ಕುಡದು ಸತ್ತ್ಯಲ್ಲೋ ಅಂತ ಬೈದೆ. ಅವನ ಫೋಟೋ ಟ್ರಂಕಿನ್ಯಾಗ ಬೋರಲ ಇಟ್ಟಿದ್ದೆ. ಈಗ ತಗದು ಗ್ವಾಡಿಗೆ ಹಾಕೀನಿ. ಎದರಿಗೆ ಕುಂತ್ರ ಏನ ಮಾತಾಡಬೇಕು ತಿಳೀವಲ್ದು.

ನಿಮ್ಮವ್ವ ಒಳ್ಳೇಕಿ ಅಲ್ಲ ಅಂತ ಹೇಳಾಕ ನನಗ ಬಾಯಿ ಬರವಲ್ದು. ಸಹನಾಗ ಸಣ್ಣಾಕಿದ್ದಾಗ ಜ್ವರ ಬಂದು ಕಣ್ಣ ಮ್ಯಾಲ ಮಾಡಿದಾಗ ಗಂಗಾವತಿ ತನಕ ಹೊತ್ಕೊಂಡು ಓಡಿದಾಕಿ ಆಕಿ. ಎಂಟು ದಿನ ನನ್ನ ಜೋಡಿ ದವಾಖಾನಿ ನೆಲದ ಮ್ಯಾಲ ಮಲಗಿದಾಕಿ ಆಕಿ. ಅದು ಸುಳ್ಳಲ್ಲ, ಇದೂ ಸುಳ್ಳಲ್ಲ. ಎರಡನ್ನೂ ಒಂದ ಕಡಿ ಇಟ್ಕೊಂಡು ಹ್ಯಾಂಗ ಇರಬೇಕು ಅನ್ನೂದು ನೀ ಓದಿದಾಕಿ, ನಿನಗ ತಿಳಿದ್ರ ಬರದು ಕಳಸು.

ಮೊದಲಿಂದ ನನಗ ಒಂದು ರೂಢಿ ಐತಿ. ಯಾರ ಮ್ಯಾಲರ ಸಿಟ್ಟು ಬಂದ್ರ ನಿಮ್ಮ ಮನಿ ಕಟ್ಟಿಗೆ ಬಂದು ನಿಮ್ಮವ್ವನ ಬಾಜೂಕ ಕುಂದರತಿದ್ದೆ. ಆಕಿ ಏನೂ ಕೇಳತಿದ್ದಿಲ್ಲ, ಎಲಿ ಅಡಿಕಿ ಕೊಡತಿದ್ದಳು. ಗಂಡನ ಮ್ಯಾಲಿನ ಸಿಟ್ಟು, ಮೈದುನನ ಮ್ಯಾಲಿನ ಸಿಟ್ಟು, ದೇವರ ಮ್ಯಾಲಿನ ಸಿಟ್ಟು, ಎಲ್ಲಾ ಆಕಿ ಮುಂದ ಸುರುವಿ ಹಗುರಾಗಿ ಎದ್ದು ಬರತಿದ್ದೆ. ನಿನ್ನಿ ಸಂಜೀಕೂ ಕಾಲು ತಾವ ನಿಮ್ಮ ಕಟ್ಟಿ ತನಕ ಬಂದ್ವು. ಅಲ್ಲಿ ಬಂದು ನಿಂತ ಮ್ಯಾಲ ತಿಳೀತು. ಈ ಸಲ ಸಿಟ್ಟು ಆಕಿ ಮ್ಯಾಲನ ಬಂದೈತಿ, ಅಂಜಲವ್ವಾ. ಇದನ್ನ ಯಾರ ಮುಂದ ಹೇಳ್ಕೊಳ್ಳಲಿ?

ಶಂಕ್ರಮ್ಮ